ರುಕ್ಮಿಣಿಬಾಯಿಯವರ ಸರ್ವು

ವನಮಾಲಾ ಮೈಸೂರಿನಲ್ಲಿ ಕಾಲೇಜು ತಂಡಕ್ಕೆ ಬ್ಯಾಡ್ಮಿಂಟನ್ ಆಡಿದವಳು. ಮದುವೆಯಾಗಿ ಮುಂಬಯಿಯ ಭಾಂಡುಪಿನ ಫ್ಯಾಕ್ಟರಿ ಕಾಲೊನಿಗೆ ಬಂದರೂ, ಮಗುವಾದರೂ, ರ‍್ಯಾಕೆಟ್ಟು ಬಿಟ್ಟಿರಲಿಲ್ಲ. ಆದರೆ ಇಲ್ಲಿಯ ಆಟಕ್ಕೆ ಒಂದು ವಿಚಿತ್ರ ಮರ್ಯಾದೆ. ಮ್ಯಾನೇಜರರ ಹೆಂಡತಿ ರುಕ್ಮಿಣಿಬಾಯಿ ಸರ್ವ್ ಮಾಡಿದರೆ ಎದುರಿನವರು ಶಟಲನ್ನು ಮೆತ್ತಗೆ ಎತ್ತರಕ್ಕೆ ಎತ್ತಿ ಕೊಡಬೇಕು, ಅವರು ಬಾರಿಸಬೇಕು, ನಿಂತವರು ಚಪ್ಪಾಳೆ ತಟ್ಟಬೇಕು. ಇದೇನು ಆಟವೋ, ಅರಿಸಿನ ಕುಂಕುಮವೋ?

ಆ ಭಾನುವಾರ ಡಬಲ್ಸ್ ಫೈನಲ್, ಎದುರಿಗೆ ರುಕ್ಮಿಣಿಬಾಯಿಯವರದೇ ಜೋಡಿ. ಗೆದ್ದ ಜೋಡಿ ಕಾಲೊನಿಯ ಪರವಾಗಿ ದಹಿಸರದ ಪಂದ್ಯಾವಳಿಗೆ ಹೋಗಿ ಆಡುವುದು. ವನಮಾಲಾಗೆ ಹೋಗಲೇಬೇಕಿತ್ತು.

"ನನ್ನ ಪ್ರಮೋಷನ್ ಅವರ ಯಜಮಾನರ ಕೈಲಿದೆ ಕಣೇ. ಸುಮ್ಮನೆ ಎತ್ತಿ ಕೊಡು," ಎಂದು ಗಂಡ ರಾಮಸ್ವಾಮಿ ಬೆಳಿಗ್ಗೆಯಿಂದ ಒಂದೇ ರಾಗ. ಮಗುವಿನ ಮೈ ಬೇರೆ ಬೆಚ್ಚಗಿತ್ತು. ಹತ್ತು ಸಲ ಹಣೆ ಮುಟ್ಟಿ ನೋಡಿ, ಅವನ ಕೈಗೇ ಕೊಟ್ಟು ಅಂಗಳಕ್ಕಿಳಿದಳು.

ಮೊದಲ ಗೇಮು ಎತ್ತಿ ಕೊಟ್ಟೂ ಕೊಟ್ಟೂ ಸೋತಾಯಿತು. ಜೊತೆಗಾತಿ ನೂರಜಹಾನ, ವಿಜಾಪುರದ ಫಿಟ್ಟರನ ಹೆಂಡತಿ, ಸೆರಗು ಸೊಂಟಕ್ಕೆ ಬಿಗಿದಳು.

"ಅಕ್ಕಾರ, ಆಕಿ ಸರ್ವು ನೆಟ್ಟಿನ ಮ್ಯಾಲ ಗೇಣುದ್ದ ಬರಾಕತ್ತೈತ್ರಿ. ನುಗ್ಗಿ ಹೊಡೀರಲ್ಲ! ನಾವೇನ್ ಊಟಕ್ಕ ಬಡಸಾಕ ಬಂದೇವೇನು?"

"ನಿನ್ನ ಗಂಡನ ನೌಕರಿ?"

"ಅದನ್ನ ಅಂವ ನೋಡ್ಕೋತಾನ."

ರುಕ್ಮಿಣಿಬಾಯಿಯ ಮುಂದಿನ ಸರ್ವಿಗೆ ವನಮಾಲಾ ಕಾಯಲಿಲ್ಲ. ಒಂದೇ ಹೆಜ್ಜೆ ಮುಂದೆ ಹಾರಿ, ಶಟಲ್ ನೆಟ್ಟು ದಾಟುತ್ತಲೇ ಕೆಳಕ್ಕೆ ಕುಟ್ಟಿದಳು. ಅದು ರುಕ್ಮಿಣಿಬಾಯಿಯ ಕಾಲಬುಡದಲ್ಲಿ ಬಿತ್ತು. ಚಪ್ಪಾಳೆಯಿಲ್ಲ. ಅವರ ಸರ್ವಿನ ಸರದಿ ಮತ್ತೆ ಬಂದಾಗ, ಮತ್ತೆ ಕಾಲಬುಡಕ್ಕೇ. ರಾಮಸ್ವಾಮಿ ಮಗುವಿನ ಹಿಂದೆ ಮುಖ ಮುಚ್ಚಿಕೊಂಡ. ಆ ಗೇಮು ಹೀಗೇ ಇವರದಾಯಿತು.

ರುಕ್ಮಿಣಿಬಾಯಿ ಕೆಂಪಾಗಿ ನೆಟ್ಟಿನ ಹತ್ತಿರ ಬಂದರು. "ಹಿಂಗ ಹೊಡಿಯಾಕ ಬರ್ತಿತ್ತಂದ್ರ ಇಷ್ಟು ದಿನ ಯಾಕ ಹೊಡೀಲಿಲ್ಲ? ಹೋದ ವರ್ಷ ದಹಿಸರದಾಗ ನನ್ನ ಸರ್ವೆಲ್ಲಾ ಹಿಂಗ ತಿರುಗಿ ಬಂದ್ವು. ಮಂದಿ ನಕ್ಕರು! ಇಲ್ಲಿ ಒಬ್ಬರಾದ್ರೂ ಬಾಯಿ ಬಿಟ್ಟು ಹೇಳಿದ್ರೇನು?"

ವನಮಾಲಾಗೆ ಮೈಯೆಲ್ಲ ಉರಿಯಿತು. ಹಾಗಾದರೆ ಈ ಮರ್ಯಾದೆ ಬೇಕೆಂದು ಕೇಳಿದವರಾದರೂ ಯಾರು? ತಿರುಗಿ ನೋಡಿದಳು. ಗೆರೆಯಾಚೆ ಸಾಲಾಗಿ ನಿಂತ ಗಂಡಂದಿರೆಲ್ಲ ಆಕಾಶ ನೋಡುತ್ತಿದ್ದರು.

ರಾಮಸ್ವಾಮಿ ಮಾತ್ರ ಹಲ್ಲು ಕಿರಿಯುತ್ತ ಬಂದ. "ನಾನು ಮೊದಲೇ ಅಂದುಕೊಂಡಿದ್ದೆ, ಮೇಡಂಗೆ ಒಳ್ಳೇ ಆಟ ಇಷ್ಟ ಅಂತ. ತಗೋ, ಮಗು ಅಳ್ತಿದೆ."

ಅವಳು ಮಗುವಿನ ಹಣೆ ಮುಟ್ಟಿ ನೋಡಿದಳು. ತಣ್ಣಗಿತ್ತು, ಪುಣ್ಯ.

"ನಿಮ್ಮ ಹತ್ತಿರವೇ ಇರಲಿ," ಎಂದಳು. "ಇನ್ನೂ ಒಂದು ಗೇಮಿದೆ."