ಸೋಸಿದ ಹುಳಿ

ಆ ದಿನ ಅಣ್ಣನ ಮುಖಕ್ಕೆ ಊಟದ ತಟ್ಟೆ ಎಸೆದೆ. ಇವತ್ತಿಗೂ ಪಶ್ಚಾತ್ತಾಪವಿಲ್ಲ. ಗುರಿ ತಪ್ಪಿತಲ್ಲ ಎಂಬ ಹೊಟ್ಟೆಯುರಿ ಮಾತ್ರ ಇದೆ.

ನನಗೆ ಎಚ್‌ಐವಿ ಇದೆ ಎಂದು ಗೊತ್ತಾದ ಮೇಲೆ ಅಗ್ರಹಾರದ ನಮ್ಮ ಮನೆಯಲ್ಲಿ ಪಥ್ಯ ಶುರುವಾಯಿತು. ಅಮ್ಮ ಹುಳಿಯನ್ನು ಜಾಲರಿಯಲ್ಲಿ ಸೋಸಿ, ತರಕಾರಿ, ಸೊಪ್ಪು, ಬೇಳೆ ಎಲ್ಲ ತೆಗೆದು, ಬರೀ ತಿಳಿಯನ್ನು ಮೆತ್ತಗಿನ ಅನ್ನಕ್ಕೆ ಸುರಿಯುತ್ತಿದ್ದಳು. ಎರಡು ವರ್ಷ! ಹೊಟ್ಟೆ ಕಲ್ಲಾಗಿ, ನಾಲ್ಕು ದಿನಕ್ಕೊಮ್ಮೆ ರಕ್ತ ಬರುವಷ್ಟು ತಿಣುಕುತ್ತಿದ್ದೆ. ಮಾತ್ರೆ ಕೊಡುವ ಆಸ್ಪತ್ರೆಯ ಸಮಾಲೋಚಕಿ ಇದನ್ನು ಕೇಳಿ ಬೈದೇಬಿಟ್ಟರು.

"ಈ ಸೋಂಕು ಮೊದ್ಲು ಕರುಳನ್ನೇ ಹಾಳು ಮಾಡೋದು ಕಣ್ರೀ. ಅಲ್ಲಿರೋ ಒಳ್ಳೇ ಸೂಕ್ಷ್ಮಜೀವಿಗಳಿಗೆ ನಾರೇ ಊಟ. ಸೊಪ್ಪು, ಕಾಳು, ಸೀಬೆಹಣ್ಣು ದಿನಾ ಸ್ವಲ್ಪ ಸ್ವಲ್ಪ ಹೆಚ್ಚಿಸ್ಕೊಳ್ಳಿ."

ಮನೆಗೆ ಬಂದು ಊಟಕ್ಕೆ ಕೂತಾಗ ಹೇಳಿದರೆ ಅಮ್ಮ ಕಣ್ಣು ತಪ್ಪಿಸಿದಳು. "ಬೇಡ ಕಣೋ, ಅಣ್ಣ ಬೈತಾನೆ."

"ಅವನ್ಯಾಕೆ ಬೈಬೇಕು?"

ಪಕ್ಕದಲ್ಲೇ ಊಟಕ್ಕೆ ಕೂತಿದ್ದ ಅಣ್ಣ ಉತ್ತರ ಕೊಟ್ಟ. "ಮನೇಲಿರೋದು ಒಂದೇ ಕಕ್ಕಸು. ನೀನು ದಿನಾ ಹೋಗ್ಬುಟ್ರೆ ನನ್ನ ಮಕ್ಕಳ ಗತಿ ಏನು? ಸೋಸಿ ಹಾಕು ಅಂತ ನಾನೇ ಹೇಳಿದ್ದು."

ಥೂ! ಪಥ್ಯವಂತೆ, ಪಥ್ಯ! ನನ್ನ ತಟ್ಟೆ ಹಾರಿದ್ದು ಆಗಲೇ. ಅದು ಗೋಡೆಗೆ ಬಡಿಯಿತು. ಅಣ್ಣ ಎದ್ದು ಕೆನ್ನೆಗೆ ಬಾರಿಸಿದ, ಕೂದಲು ಹಿಡಿದು ಕೆಡವಿ ಪಕ್ಕೆಗೆ ಒದ್ದ. ನಾನು ಅವನ ಕಾಲು ಹಿಡಿದು ಎಳೆದು ಬೀಳಿಸಿದೆ. ಅಷ್ಟರಲ್ಲಿ ನನ್ನ ತುಟಿ ಒಡೆದಿದ್ದು ಕಂಡು ಅವನು ಬಿಟ್ಟು ಹಾರಿದ. "ಅಯ್ಯೋ, ರಕ್ತ! ಮಕ್ಕಳನ್ನ ಒಳಗೆ ಕರ್ಕೊಳ್ಳೇ!" ಎಂದು ಅತ್ತಿಗೆಗೆ ಕೂಗಿದ. ನನ್ನ ಕಾಯಿಲೆಯಿಂದ ನನಗಾದ ಒಂದೇ ಉಪಕಾರ ಅದು.

ಅಮ್ಮ ಗೋಡೆಗೆ ಮೆತ್ತಿದ ಅನ್ನ ಬಳಿಯತೊಡಗಿದಳು. ಎರಡು ವರ್ಷ ಸೋಸಿದ್ದು ಅವಳ ಕೈಯೇ ಅಲ್ಲವೇ? ಅವಳ ಮೇಲೂ ನನಗೆ ಕೆಂಡದಂಥ ಸಿಟ್ಟು. ಆದರೆ ಸಂಜೆಯಿಂದ ಸೋಸದೆ ಬಡಿಸಿದಳು.

ನಾಲ್ಕನೇ ದಿನ ಬೆಳಿಗ್ಗೆ ಹೊಟ್ಟೆ ಸಲೀಸಾಯಿತು. ಕಕ್ಕಸಿನಿಂದ ಹೊರಬಂದರೆ ಬಾಗಿಲಲ್ಲೇ ಅಣ್ಣ, ನಾನು ಮತ್ತೆ ಹೋಗದಂತೆ ಜಡಿಯಲು ಕೈಯಲ್ಲಿ ಬೀಗ. ಅಮ್ಮ ಎಲ್ಲಿಂದ ಬಂದಳೋ, ಅವನ ಎದೆಗೆ ಕೈಯಿಟ್ಟು ನೂಕಿ ಒಳಹೋಗಿ ಚಿಲಕ ಹಾಕಿಕೊಂಡಳು.

"ಅವನು ಹೋದ ಕಕ್ಕಸು ಕಣಮ್ಮಾ! ಫಿನಾಯಿಲ್ ಹಾಕದೆ ಕೂತ್ಕೋಬೇಡ!" ಅಣ್ಣ ಬಾಗಿಲು ಗುದ್ದಿದ.

ಒಳಗಿನಿಂದ ಅಮ್ಮ ಕಿರುಚಿದಳು: "ಅವನನ್ನ ಹೆತ್ತ ಮೈ ಕಣೋ ಇದು. ಹಾಕು ಬೀಗ, ನಾನು ಒಳಗಿರುವಾಗಲೇ ಹಾಕು."