ಚಿಕ್ಕಲಕ್ಷ್ಮಮ್ಮನ ಒಂದೇ ರೇಟು

ಬೆಳಗಿನ ಐದೂಮುಕ್ಕಾಲು. ಕೋಡಿಹಳ್ಳಿ ಕಡೆಯಿಂದ ಬರುವ ಮೊದಲ ಬಸ್ಸು ಹಾರೋಹಳ್ಳಿಯಲ್ಲಿ ನಿಲ್ಲುವ ಹೊತ್ತಿಗೆ ಚಿಕ್ಕಲಕ್ಷ್ಮಮ್ಮ ಸೆರಗು ಬಿಗಿದು ಹಿಂಬಾಗಿಲ ಬಳಿ ನಿಂತಿದ್ದಾರೆ. ಕಂಡಕ್ಟರ್ ಕೆಳಗಿಳಿಯುವ ಮೊದಲೇ ಮೂರು ಮೂಟೆ ನೆಲದ ಮೇಲಿವೆ. ಒಂದರಲ್ಲಿ ಮೂಲಂಗಿ, ಒಂದರಲ್ಲಿ ಸೊಪ್ಪು, ಇನ್ನೊಂದರಲ್ಲಿ ಸೌತೆ, ಬದನೆ. ಸೊಪ್ಪಿನ ಮೂಟೆಗೆ ಕೈ ಹಾಕಿ ನೋಡಿದವರೇ ಫೋನ್ ತೆಗೆದು, ಕಳಿಸಿದ ತೋಟದ ನಂಜುಂಡಯ್ಯನಿಗೆ ಕರೆ ಮಾಡುತ್ತಾರೆ.

‘ಏನ್ಲಾ ನಂಜುಂಡ, ಸೊಪ್ಪು ಕಳ್ಸಿದ್ಯೋ, ಕೆರೆ ಕಳ್ಸಿದ್ಯೋ? ಹಿಂಡಿದ್ರೆ ಒಂದು ಬಿಂದಿಗೆ ನೀರು ಬತ್ತದೆ.’

ಆ ಕಡೆಯಿಂದ ಏನೋ ಸಬೂಬು. ಇವರು ನಗುತ್ತಾ ಫೋನ್ ಇಟ್ಟು ಮೂಟೆಗಳನ್ನು ತಮ್ಮ ಎಕ್ಸೆಲ್ ಮೊಪೆಡ್ ಗಾಡಿಗೆ ಕಟ್ಟುತ್ತಾರೆ. ವಯಸ್ಸು ಐವತ್ತೆರಡು. ಗಾಡಿ ಕಲಿತದ್ದು ನಲವತ್ತೈದರಲ್ಲಿ. ಗಂಡ ಗಂಗಯ್ಯ ಹಿಂದೆ ಓಡುತ್ತಾ ಕಲಿಸಿದರಂತೆ. ‘ಅವ್ನು ಕೈ ಬುಟ್ಟಿದ್ದು ನಂಗೆ ಗೊತ್ತೇ ಆಗ್ನಿಲ್ಲ. ತಿರುಗಿ ನೋಡಿದ್ರೆ ಅವ್ನು ಅಲ್ಲೆಲ್ಲೋ ಅವ್ನೆ, ನಾನು ಬೇಲಿವೊಳಗೆ.’

ಚಿಕ್ಕಲಕ್ಷ್ಮಮ್ಮ ಬೈರಮಂಗಲದವರು. ಊರಲ್ಲೇ ಅಷ್ಟು ದೊಡ್ಡ ಕೆರೆ ಇರುವಾಗ ಸೊಪ್ಪಿಗೆ ಇಷ್ಟು ದೂರ ಯಾಕೆ ಬರಬೇಕು ಎಂದು ಕೇಳುವವರು ಒಮ್ಮೆ ಆ ಕೆರೆಯ ಏರಿ ಮೇಲೆ ಮೂಗು ಮುಚ್ಚದೆ ನಿಂತು ನೋಡಲಿ. ಬೆಂಗಳೂರು ತೊಳೆದು ಬಿಟ್ಟದ್ದೆಲ್ಲ ಬಂದು ನಿಲ್ಲುವುದು ಅಲ್ಲಿ. ‘ನಾನು ತಿನ್ನದ್ದು ಇನ್ನೊಬ್ರಿಗೆ ಹೆಂಗೆ ಮಾರ್ಲಿ?’ ಎನ್ನುತ್ತಾರೆ. ಅದಕ್ಕೇ ಕೋಡಿಹಳ್ಳಿಯ ಬೋರ್‌ವೆಲ್ ತೋಟ, ಅದಕ್ಕೇ ಬಸ್ಸಿನ ಲಗೇಜು, ಅದಕ್ಕೇ ದಿನಕ್ಕೆ ನಲವತ್ತಕ್ಕೂ ಮೇಲೆ ಕಿಲೋಮೀಟರ್. ಹೊರೆ ಹೊತ್ತ ಗಾಡಿ ದಿನಕ್ಕೆ ಹತ್ತಿರ ಹತ್ತಿರ ಒಂದು ಲೀಟರ್ ಕುಡಿಯುತ್ತದೆ. ಪೆಟ್ರೋಲ್ ಏರಿದ ದಿನ ಟಿವಿಯಲ್ಲಿ ನಾಲ್ಕು ಜನ ಕೂತು ಪ್ರಪಂಚದ ಅಂಕಿ ಎಲ್ಲ ಒದರುತ್ತಾರೆ. ಈ ಒಂದು ಲೀಟರಿನ ಸುದ್ದಿ ಅವರ ಬಾಯಲ್ಲಿ ಯಾವತ್ತೂ ಬರುವುದಿಲ್ಲ.

ಮೊದಲು ಹತ್ತು ವರ್ಷ ರಾಮನಗರದಲ್ಲಿ ರೇಷ್ಮೆ ಬಿಚ್ಚುತ್ತಿದ್ದರು. ಕುದಿಯುವ ನೀರಲ್ಲಿ ಗೂಡು ಹುಡುಕಿ ಹುಡುಕಿ ಬೆರಳ ತುದಿಗಳು ನುಣುಪಾಗಿಬಿಟ್ಟಿವೆ. ರೇಷನ್ ಅಂಗಡಿಯ ಮಿಷನ್ನು ಇವರ ಹೆಬ್ಬೆಟ್ಟನ್ನು ಈಗಲೂ ಒಪ್ಪುವುದಿಲ್ಲ. ಸೊಪ್ಪಿನ ವ್ಯಾಪಾರಕ್ಕೆ ಇಳಿದು ಆರು ವರ್ಷ. ಬಿಡದಿ ಪಕ್ಕದ ಒಂದು ಅಪಾರ್ಟ್‌ಮೆಂಟ್ ಬಡಾವಣೆಯಲ್ಲಿ ಮೂವತ್ತೊಂದು ಮನೆ ಇವರ ಗಿರಾಕಿ. ಅದರಲ್ಲಿ ಹನ್ನೊಂದು ಮನೆ ಕಾರ್ಖಾನೆ ಕೆಲಸಕ್ಕೆಂದು ಜಪಾನ್, ಕೊರಿಯಾದಿಂದ ಬಂದವರದು. ಮಿಕ್ಕಿದ್ದು ನಮ್ಮವರದೇ.

ಹೊರದೇಶದವರೆಂದರೆ ದುಡ್ಡಿನ ಗಿಡ ಎಂದು ನಂಬಿದ ಜನ ನಾವು. ಆ ಬಡಾವಣೆಯ ಮೂರನೇ ಮಹಡಿಯಲ್ಲಿರುವ ಮಿಹೋ ಜಪಾನಿನವರು. ಗಂಡ ಕಾರ್ಖಾನೆಯಲ್ಲಿ ಮೇಸ್ತ್ರಿ ದರ್ಜೆಯವನು, ಎರಡು ಮಕ್ಕಳು. ಪೆಟ್ರೋಲ್ ಏರಿದ ಮೇಲೆ ಕಂಪನಿ ಮನೆಗೊಂದರಂತೆ ಕೊಟ್ಟಿದ್ದ ಕಾರನ್ನು ವಾಪಸ್ ಪಡೆದು ಶನಿವಾರಕ್ಕೊಂದು ವ್ಯಾನ್ ಬಿಟ್ಟಿದೆ. ಮನೆಖರ್ಚಿಗೆ ಕೊಡುವ ಹಣ ಒಂದು ರೂಪಾಯಿಯೂ ಏರಿಲ್ಲ. ಏರಿದ್ದು ಉಳಿದದ್ದೆಲ್ಲ. ನೀರಿನ ಟ್ಯಾಂಕರ್, ಹಾಲು, ಸಿಲಿಂಡರ್ ಹೊತ್ತು ತರುವವನ ಕೈಕಾಸು, ಆಟೋ. ತಳ್ಳುಗಾಡಿಯಲ್ಲಿ ಇದ್ದಿಲಿನ ಪೆಟ್ಟಿಗೆ ಇಟ್ಟು ಇಸ್ತ್ರಿ ಮಾಡುವವನೂ ಬಟ್ಟೆಗೆ ಎರಡು ರೂಪಾಯಿ ಏರಿಸಿದ್ದಾನೆ. ಅದೂ ಆ ಹನ್ನೊಂದು ಮನೆಗೆ ಮಾತ್ರ.

‘ಎಲ್ಲರೂ ಪೆಟ್ರೋಲ್ ಅಂತಾರೆ,’ ಎನ್ನುತ್ತಾರೆ ಮಿಹೋ, ಕಲಿತ ಕನ್ನಡದಲ್ಲಿ ಒಂದೊಂದೇ ಪದ ಜೋಡಿಸಿ. ‘ಇಸ್ತ್ರಿಗೂ ಪೆಟ್ರೋಲ್ ಬೇಕಾ?’

ಕೇಳಿದಾಗ ನನ್ನ ತಲೆ ತಗ್ಗಿತು.

ಇವರಿಬ್ಬರ ಪರಿಚಯ ಶುರುವಾದದ್ದು ಒಂದು ಹಿಡಿ ಕೊತ್ತಂಬರಿಯಿಂದ. ಮೊದಲ ದಿನ ತೂಕ ಮುಗಿದ ಮೇಲೆ ಚಿಕ್ಕಲಕ್ಷ್ಮಮ್ಮ ಎಲ್ಲರಿಗೂ ಹಾಕುವಂತೆ ಕೊಸರು ಹಾಕಿದರು. ಮಿಹೋ ಮೇಲೆ ಹೋದವರು ಐದು ನಿಮಿಷಕ್ಕೆ ಏದುಸಿರು ಬಿಡುತ್ತಾ ಇಳಿದು ಬಂದು, ದುಡ್ಡು ಕೊಡದ ಕೊತ್ತಂಬರಿ ಬಂದುಬಿಟ್ಟಿದೆ ಎಂದು ಎರಡೂ ಕೈಯಲ್ಲಿ ಹಿಡಿದು ಬಗ್ಗಿ ವಾಪಸ್ ಕೊಟ್ಟರು. ಇವರು ಮತ್ತೆ ಚೀಲಕ್ಕೆ ಹಾಕಿದರು. ಅವರು ಮತ್ತೆ ತೆಗೆದರು. ‘ನಾಕು ದಪ ಆಯ್ತು ಕಣಪ್ಪ. ಆಮೇಲೆ ಪಾಪ, ಮಡ್ಲಲ್ಲಿ ಇಟ್ಕೊಂಡು ಹೊಂಟೋಯ್ತು ಮಗ.’

ಈ ಬೇಸಿಗೆಯಲ್ಲಿ ಪೆಟ್ರೋಲ್ ಮತ್ತೆ ಮತ್ತೆ ಏರಿದಾಗ ಚಿಕ್ಕಲಕ್ಷ್ಮಮ್ಮ ರೇಟು ಮುಟ್ಟಲಿಲ್ಲ. ಮೊದಲು ನಿಲ್ಲಿಸಿದ್ದು ಕೊಸರು. ನಮ್ಮವರು ಗೊಣಗಿ ಸುಮ್ಮನಾದರು. ಮಿಹೋ ಮಾತ್ರ ಮೂರು ದಿನ ನೋಡಿ, ನಾಲ್ಕನೇ ದಿನ ಗಾಡಿಯ ಹತ್ತಿರ ಬಂದು ಮೆಲ್ಲಗೆ ಕೇಳಿದರು: ‘ನಾನು ತಪ್ಪು ಮಾಡಿದೆನಾ?’

ಅದನ್ನು ಹೇಳುವಾಗ ಚಿಕ್ಕಲಕ್ಷ್ಮಮ್ಮ ತಕ್ಕಡಿ ಒರೆಸುವ ಬಟ್ಟೆಯಲ್ಲೇ ಕಣ್ಣೊರೆಸಿಕೊಳ್ಳುತ್ತಾರೆ. ಪೆಟ್ರೋಲಿನ ಕತೆ ಬಿಡಿಸಿ ಹೇಳಿದ್ದಕ್ಕೆ ಆಕೆ ಐವತ್ತರ ನೋಟು ತೆಗೆದರಂತೆ. ಇವರು ಮುಟ್ಟಲಿಲ್ಲ.

ಅದೇ ಬಡಾವಣೆಯ ಗೇಟಿನಲ್ಲಿ ಗೂಡ್ಸ್ ಆಟೋದಲ್ಲಿ ಹಣ್ಣು ಮಾರುವ ಮುನೇಶ್ ಇದನ್ನೆಲ್ಲ ನೋಡಿ ಹಣೆ ಚಚ್ಚಿಕೊಂಡ. ಅವನದು ಎರಡು ರೇಟು. ನಮ್ಮವರಿಗೆ ಒಂದು, ಅವರಿಗೆ ಇನ್ನೊಂದು.

‘ಅಕ್ಕೋ, ಅವ್ರ ಹತ್ರ ಒಂದೊಂದು ಕಟ್ಟಿಗೂ ಐದ್ರುಪಾಯಿ ಜಾಸ್ತಿ ಹೇಳು. ಯಾರ್ ಕೇಳ್ತಾರೆ? ನಿನ್ ಪೆಟ್ರೋಲ್ ಅಲ್ಲೇ ಹುಟ್ತದೆ. ಇಂಗೇ ಆದ್ರೆ ನಿಂಗೇನು ಗುಡಿ ಕಟ್ಟುಸ್ತಾರಾ?’

‘ಕಬ್ಬಾಳಮ್ಮನ್ ಗುಡಿ ಐತೆ, ಸಾಕು ಬುಡ್ಲಾ. ಎರಡು ಗುಡಿ ಸುತ್ತಾಕೆ ನಂಗೆ ಪೆಟ್ರೋಲ್ ಇಲ್ಲ.’

ತಮಾಷೆ ಮಾಡಿದರೂ ಸಂಕಟ ನಿಜ. ಮಳೆ ಬಿದ್ದು ಸೊಪ್ಪು ಕೊಳೆತು ನಂಜುಂಡಯ್ಯನೂ ಏರಿಸಿದ, ಬಸ್ಸಿನ ಲಗೇಜೂ ಏರಿತು. ಕೊನೆಗೆ ಕಳೆದ ಸೋಮವಾರ ಹದಿನೈದು ರೂಪಾಯಿಯ ಕಟ್ಟನ್ನು ಹದಿನೆಂಟು ಮಾಡಿದರು. ಮೂವತ್ತೊಂದು ಮನೆಗೂ ಹದಿನೆಂಟು. ಅವತ್ತು ಸ್ಕೂಲ್ ಟೀಚರ್ ಪ್ರತಿಮಾ ಎಲ್ಲರ ಎದುರೇ ಕೇಳಿದರು: ‘ಆ ಫಾರಿನರ್ಸ್ ಹತ್ರ ಜಾಸ್ತಿ ತಗೊಳ್ರೀ, ಅವರಿಗೆ ಕಂಪನಿ ಕೊಡುತ್ತೆ. ನಮಗ್ಯಾಕೆ ಏರಿಸ್ತೀರ? ಅವರಿಗೆ ಒಳಗೊಳಗೇ ಕಮ್ಮಿಗೆ ಕೊಡ್ತಿದ್ದೀರೋ ಏನೋ, ಅಷ್ಟು ದೋಸ್ತಿ.’ ಹೇಳಿ ಹೊರಟುಹೋದರು. ಅವರ ಹಿಂದೆ ಇನ್ನೂ ಎಂಟು ಮನೆ ಹೋಯಿತು. ಇಪ್ಪತ್ತೈದು ಮನೆಗಿಂತ ಕಡಿಮೆಯಾದರೆ ಗಾಡಿ ತೆಗೆಯುವುದೇ ದಂಡ. ಉಳಿದದ್ದು ಇಪ್ಪತ್ತೆರಡು.

‘ಈ ತಿಂಗ್ಳು ನೋಡ್ತೀನಿ. ಆಗ್ನಿಲ್ಲ ಅಂದ್ರೆ ವಾಪಸ್ ರೇಷ್ಮೆಗೆ ಹೋಯ್ತೀನಿ. ಬಿಸ್ನೀರು ನಂಗೇನು ಹೊಸದಲ್ಲ’ ಎನ್ನುತ್ತಾ ನುಣುಪಾದ ಬೆರಳುಗಳನ್ನು ಮಡಚುತ್ತಾರೆ.

ಇವತ್ತು ಬಡಾವಣೆಯ ಗೇಟಿಗೆ ಬಂದಾಗ ಏಳು ಗಂಟೆ. ಮಿಹೋ ಎರಡು ಕಟ್ಟು ದಂಟು, ಒಂದು ಮೂಲಂಗಿ ತೆಗೆದುಕೊಳ್ಳುತ್ತಿದ್ದಾರೆ. ಒಂದು ವಾರದಿಂದ ಕಾಣದ ಪ್ರತಿಮಾ ವಾಕಿಂಗ್ ಮುಗಿಸಿ ಬರುತ್ತಾ ನಿಧಾನ ಮಾಡುತ್ತಾರೆ. ಚಿಕ್ಕಲಕ್ಷ್ಮಮ್ಮನನ್ನು ನೋಡುವುದಿಲ್ಲ. ನೇರ ಮಿಹೋ ಹತ್ತಿರ ಹೋಗಿ ಕೇಳುತ್ತಾರೆ.

‘ನಿಮಗೆ ದಂಟು ಎಷ್ಟಕ್ಕೆ ಕೊಟ್ರು?’

ಮಿಹೋ ಬೆರಳು ಎಣಿಸಿ ಯೋಚಿಸುತ್ತಾರೆ. ‘ಹದಿನೆಂಟು.’

‘ನಿಜವಾಗ್ಲೂ?’

‘ಹದಿನೆಂಟು,’ ಎಂದು ಮತ್ತೆ ಹೇಳಿ, ಉಳಿದ ಚಿಲ್ಲರೆಯನ್ನು ಅಂಗೈ ಬಿಡಿಸಿ ತೋರಿಸುತ್ತಾರೆ.

ಪ್ರತಿಮಾ ಆ ಚಿಲ್ಲರೆ ನೋಡಿ, ಬಗ್ಗಿ ಒಂದು ಕಟ್ಟು ಎತ್ತಿಕೊಳ್ಳುತ್ತಾರೆ. ‘ಚೀಲ ತಂದಿಲ್ಲ,’ ಎನ್ನುತ್ತಾರೆ, ಯಾರಿಗೂ ಅಲ್ಲದ ಹಾಗೆ. ಮಿಹೋ ತಮ್ಮ ಕೈಯಲ್ಲಿದ್ದ ಇನ್ನೊಂದು ಚೀಲ ಕೊಡುತ್ತಾರೆ. ಇಬ್ಬರೂ ಲಿಫ್ಟಿನ ಕಡೆ ಹೋಗುತ್ತಾರೆ.

ಇಪ್ಪತ್ಮೂರು. ಇನ್ನೆರಡು ಮನೆ ಬರಬೇಕು. ಮುನೇಶ್ ತನ್ನ ಆಟೋದಿಂದಲೇ ಹುಬ್ಬು ಹಾರಿಸುತ್ತಾನೆ. ಆಟೋ ಹತ್ತಿರ ಯಾರಾದರೂ ಬಂದರೆ ಅವನು ಬೆಲೆ ಹೇಳುವುದು ಕಿವಿಯ ಹತ್ತಿರ ಬಗ್ಗಿ.

‘ಅವ್ನು ಪಿಸುಗುಟ್ಟೋದು ನೋಡಿದ್ಯಾ?’ ಎಂದು ಚಿಕ್ಕಲಕ್ಷ್ಮಮ್ಮ ನನ್ನ ಕಡೆ ತಿರುಗುತ್ತಾರೆ. ‘ರೇಟು ಅನ್ನೋದು ಬೀದೀಲಿ ಕೂಗಂಗಿರ್ಬೇಕು ಕಣಪ್ಪ. ನಂದು ಮೂರನೇ ಮಾಡಿಗೂ ಕೇಳಿಸ್ತದೆ.’

ಹೇಳಿದವರೇ ತಲೆ ಎತ್ತಿ ಕೂಗುತ್ತಾರೆ. ‘ದಂಟು ಹದ್ನೆಂಟೇ... ಮೂಲಂಗಿ ಹದ್ನೆಂಟೇ...’