ಮಕ್ಬೂಲ್ ಕೊಟ್ಟುಬಿಟ್ಟ ಉಳಿ

ಚನ್ನಪಟ್ಟಣದಲ್ಲಿ ಮರದ ಆಟಿಕೆ ಕಡೆಯುವವನ ಹತ್ತಿರ ಊಟ ಕೇಳಿ, ಬೀಡಿ ಕೇಳಿ, ಕೊಡುತ್ತಾನೆ. ಉಳಿ ಮಾತ್ರ ಕೇಳಬೇಡಿ. ತನ್ನ ಕೈಗೆ ತಕ್ಕಂತೆ ತಾನೇ ಮಸೆದುಕೊಂಡದ್ದನ್ನು ಸ್ವಂತ ತಮ್ಮನಿಗೂ ಮುಟ್ಟಗೊಡುವುದಿಲ್ಲ. ನಮ್ಮ ಬೀದಿಯ ಮಕ್ಬೂಲನಂತೂ ಈ ವಿಷಯದಲ್ಲಿ ಮಹಾ ಜಗಳಗಂಟ. ಒಮ್ಮೆ ಅವನ ಉಳಿಯಲ್ಲಿ ತೆಂಗಿನಕಾಯಿ ಸುಲಿಯಲು ಹೋಗಿ ನಾನು ಬೈಸಿಕೊಂಡದ್ದು ಬೀದಿಗೆಲ್ಲ ಕೇಳಿಸಿತ್ತು.

ಅಂಥವನು ಆ ವರ್ಷ ಮಂಕಾದ. ಮರ ಕಡೆಯುವ ಮಷಿನ್ನಿನ ಮುಂದೆ ಕೂತರೂ ಸ್ವಿಚ್ ಹಾಕುತ್ತಿರಲಿಲ್ಲ. ಊಟ ಬೇಡ, ಸ್ನಾನ ಬೇಡ, ಮಾತು ಬೇಡ. ಸೋಮಾರಿತನ ಎಂದರು ಕೆಲವರು. ಕಣ್ಣು ಬಿದ್ದಿದೆ ಎಂದು ತಾಯಿತ ಕಟ್ಟಿಸಿದರು ಇನ್ನು ಕೆಲವರು. ಅಕ್ಕ ಗುಲ್ಜಾರ್ ಬೀ ಗಂಡ ತೀರಿದ ಮೇಲೆ ಅವನ ಮನೆಯಲ್ಲೇ ಇದ್ದು, ಆಟಿಕೆಗೆ ಹಚ್ಚುವ ಅರಗಿಗೆ ಬಣ್ಣ ಕಲಸುತ್ತಿದ್ದಳು. ಅವಳು ಮಾತ್ರ ತಮ್ಮನನ್ನೇ ನೋಡುತ್ತಿದ್ದಳು.

ಒಂದು ಬೆಳಿಗ್ಗೆ ಪಕ್ಕದ ಮನೆಯ ಸಿದ್ದಯ್ಯ, ಅವನೂ ಆಟಿಕೆ ಕಡೆಯುವವನೇ, ಹಲ್ಲು ಕಿರಿಯುತ್ತಾ ಬಂದ.

"ಗುಲ್ಜಾರಕ್ಕಾ, ನಿನ್ ತಮ್ಮ ದೊಡ್ಡ ಮನ್ಸ ಆಗ್ಬುಟ್ಟ! ಉಳಿ ಎಲ್ಲಾನೂ ನಂಗೇ ಕೊಟ್ಬುಟ್ಟ. ಮಡಿಕಳ್ಲಾ ಸಿದ್ದ, ನಂಗಿನ್ನು ಬೇಕಾಗಕಿಲ್ಲ ಅಂದ."

ಅಲ್ಲಿದ್ದ ನಾವೆಲ್ಲ ಭೇಷ್ ಎಂದೆವು. ಗುಲ್ಜಾರ್ ಬೀ ಕೈಯಲ್ಲಿದ್ದ ಅರಗಿನ ಉಂಡೆ ನೆಲಕ್ಕೆ ಬಿತ್ತು.

"ಎತ್ತ ಹೋದ?"

"ಕೆರೆ ಕಡೆ ಹೋದಂಗಿತ್ತು."

ಚಪ್ಪಲಿ ಮೆಟ್ಟದೆ ಓಡಿದಳು. ಆಗ ನಮಗೂ ಅರ್ಥವಾಗಿ ಹಿಂದೆಯೇ ಓಡಿದೆವು. ಮಕ್ಬೂಲ್ ಕೆರೆ ಏರಿಯ ಮೇಲೆ ನೀರು ನೋಡುತ್ತಾ ಕೂತಿದ್ದ. ಕೂಗಲು ಹೊರಟ ನನ್ನನ್ನು ಅವಳು ಕೈಸನ್ನೆಯಲ್ಲೇ ತಡೆದು, ಹೋಗಿ ಪಕ್ಕದಲ್ಲಿ ಕೂತಳು.

"ಸಾಯಾಕೆ ಬಂದಿದ್ದೀಯೇನಪ್ಪಾ?"

ಹಾಗೆ ನೇರವಾಗಿ ಕೇಳಿಬಿಟ್ಟಳು! ನಾವಾಗಿದ್ದರೆ ಅಪಶಕುನ ಎಂದು ಬಾಯಿ ಮುಚ್ಚಿಕೊಳ್ಳುತ್ತಿದ್ದೆವು.

ಅವನು ಹೌದೆಂದು ತಲೆಯಾಡಿಸಿದ. "ಯಾಕೋ ಗೊತ್ತಿಲ್ಲ ಆಪಾ. ಎದೆ ಮ್ಯಾಲೆ ಕಲ್ಲು ಮಡಗ್ದಂಗೈತೆ. ನಾ ಇಲ್ದಿದ್ರೆ ನಿಂಗೂ ನಿರಾಳ."

"ನಂಗೆ ನಿರಾಳ ಬ್ಯಾಡ, ನೀ ಬೇಕು. ಇದು ಕಾಯಿಲೆ ಕಣೋ. ಜ್ವರಕ್ಕೆ ಡಾಕ್ಟ್ರಿಲ್ವಾ? ಇದ್ಕೂ ಡಾಕ್ಟ್ರು ಅವ್ರೆ. ಏಳು."

ಅವನು ಏಳಲಿಲ್ಲ. ಅವಳೂ ಏಳಲಿಲ್ಲ. ಬಿಸಿಲು ನೆತ್ತಿಗೆ ಬರುವವರೆಗೂ ಅವನ ಕೈ ಹಿಡಿದೇ ಕೂತಿದ್ದು, ಅಲ್ಲಿಂದಲೇ ಬಸ್ಸು ಹತ್ತಿಸಿ ರಾಮನಗರದ ಆಸ್ಪತ್ರೆಗೆ ಕರೆದೊಯ್ದಳು.

ಮಾತ್ರೆ ಶುರುವಾದ ಮೇಲೂ ಒಂದು ದಿನ ಚೆನ್ನ, ನಾಲ್ಕು ದಿನ ಮಂಕು. ಅವಳು ಅವನನ್ನು ಒಂಟಿ ಬಿಡಲಿಲ್ಲ, ಬೇಗ ಸರಿಹೋಗು ಎಂದು ಗದರಲೂ ಇಲ್ಲ. ಅರಗು ಕಲಸುವಾಗ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದಳು. ಸಿದ್ದಯ್ಯ ಉಳಿ ಹಿಂದಿರುಗಿಸಲು ಬಂದರೆ, "ನಿನ್ ತಾವೇ ಇರ್ಲಿ. ಅವ್ನೇ ಕೇಳ್ಲಿ" ಎಂದು ಕಳಿಸಿದಳು. ಕೇಳುತ್ತಾನೋ ಇಲ್ಲವೋ ಎಂದು ನಾವೆಲ್ಲ ಕಾದೆವು.

ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ ಬೀದಿಯೆಲ್ಲ ಕೇಳುವಂತೆ ಬೈಗುಳ.

"ಏನ್ಲಾ ಸಿದ್ದ, ಇದು ಉಳಿನೋ ಸೌಟೋ? ಹಿಂಗಾ ಮಸೆಯೋದು? ಕೊಡ್ಲಾ ಇಲ್ಲಿ!"

ಸಿದ್ದಯ್ಯ ಬೈಸಿಕೊಂಡು ನಗುತ್ತಿದ್ದ. ಗುಲ್ಜಾರ್ ಬೀ ಬಾಗಿಲಲ್ಲಿ ನಿಂತು, ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು.

"ಇನ್ನೂ ಒಸಿ ಬಯ್ಯಪ್ಪಾ" ಎಂದಳು.